ಕಾಟನ್ ಬ್ಲಾಸಮ್ ಮಾದರಿ: ಈಗ ಚಕ್ರದ ಸರದಿ

'ಷೋ ಬೋಟ್' ಎಂಬ ಹಾಲಿವುಡ್ ಚಿತ್ರದಲ್ಲಿ ಊರೂರಿಗೆ ನಾಟಕ ಒಯ್ಯುವ ಕಾಟನ್ ಬ್ಲಾಸಮ್ ಹಡಗಿನ ಪುಟ್ಟ ಮಾದರಿ ಮಾಡುತ್ತಿದ್ದೇನೆ. ಅದಕ್ಕೆ ಈಗ ಒಂದು ರೂಪ ಬಂದಿದೆ. ತಳ ಮುಗಿದಿದೆ, ಎರಡು ಅಂತಸ್ತು ಎದ್ದು ನಿಂತಿವೆ. 1951ರ ಈ ಚಿತ್ರಕ್ಕಾಗಿ ಎಂಜಿಎಂ ಚಿತ್ರಸಂಸ್ಥೆಯವರು ಸ್ಟುಡಿಯೊದ ಕೆರೆಯಲ್ಲೇ 171 ಅಡಿ ಉದ್ದ, 57 ಅಡಿ ಎತ್ತರದ ಹಡಗು ಕಟ್ಟಿಸಿದ್ದರು. ನಾನು ನೂರಕ್ಕೆ ಒಂದರ ಅಳತೆ ಹಿಡಿದಿದ್ದೇನೆ. ಹಾಗಾಗಿ ನನ್ನದು 52 ಸೆಂ.ಮೀ. ಉದ್ದ.

ಜಾಸ್ತಿ ಹೊತ್ತು ಹಿಡಿಯುವುದು ಕಟಕಟೆಯ ಕೆಲಸ. ಒಂದು ಸೆಂ.ಮೀ. ಎತ್ತರದ ಮೌಂಟ್ ಬೋರ್ಡ್ (ದಪ್ಪ ರಟ್ಟು) ಪಟ್ಟಿಯಲ್ಲಿ ಕಿಂಡಿ ಕೊರೆಯಬೇಕು. ಬ್ಲೇಡ್ ಆಗಾಗ ಬದಲಿಸಿದರೆ ಅಂಚು ಚೂಪಾಗಿ ಬರುತ್ತದೆ. ಮೇಲೆ ನೀರು ಬೆರೆಸಿದ ಫೆವಿಕಾಲ್ ಸವರಿ, ಒಣಗಿದ ಮೇಲೆ ಬಿಳಿ ಬಣ್ಣ ಕೊಟ್ಟರೆ ಮರದ ಕುಸುರಿಯಂತೆಯೇ ಕಾಣುತ್ತದೆ.

ಈಗ ನೀರು ತಳ್ಳಿ ಹಡಗು ಓಡಿಸುವ ಹಿಂಬದಿಯ ದೊಡ್ಡ ಚಕ್ರ. ಇದರ ಬಗ್ಗೆ ಬಹಳ ಯೋಚಿಸಿದೆ. ಏಕೆಂದರೆ ನಿಜವಾದ ತೇಲುವ ನಾಟಕಶಾಲೆಗಳಲ್ಲಿ ಹೆಚ್ಚಿನವಕ್ಕೆ ಚಕ್ರವೂ ಇರಲಿಲ್ಲ, ಇಂಜಿನ್ನೂ ಇರಲಿಲ್ಲ. ಬಾಯ್ಲರ್, ಇಂಜಿನ್ ಕೂರಿಸಿದರೆ ರಂಗಮಂಚಕ್ಕೆ, ಕುರ್ಚಿಗಳಿಗೆ ಜಾಗ ಎಲ್ಲಿ ಸಿಗಬೇಕು? ಚಪ್ಪಟೆ ತಳದ ದೋಣಿಯ ಮೇಲೆ ರಂಗಮಂದಿರ ಕಟ್ಟಿ, ಅದನ್ನು ಬೇರೊಂದು ಉಗಿದೋಣಿಯಿಂದ ನೂಕಿಸುತ್ತಿದ್ದರು. 1926ರ ಮೂಲ ಕಾದಂಬರಿ ಬರೆಯುವ ಮೊದಲು ಎಡ್ನಾ ಫರ್ಬರ್ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಜೇಮ್ಸ್ ಆಡಮ್ಸ್ ತೇಲುವ ನಾಟಕಶಾಲೆಯಲ್ಲಿ ಉಳಿದುಕೊಂಡಿದ್ದರು. ಅದಕ್ಕೂ ಸ್ವಂತ ಇಂಜಿನ್ ಇರಲಿಲ್ಲ. ಅವರ ಕಾದಂಬರಿಯಲ್ಲೂ ಕಾಟನ್ ಬ್ಲಾಸಮ್‌ಗೆ ಮಾಲಿ ಏಬಲ್ ಎಂಬ ಜೊತೆದೋಣಿ ಇದೆ.

ಆದರೂ ಚಕ್ರ ಮಾಡುತ್ತಿದ್ದೇನೆ. ನಾನು ಕಟ್ಟುತ್ತಿರುವುದು ಸಿನಿಮಾದ ಹಡಗನ್ನು ಅಲ್ವಾ? ಆ ಟೆಕ್ನಿಕಲರ್ ಬೆಳಕಿನಲ್ಲಿ ಅದು ಊರಿಗೆ ಬರುವಾಗ, ಜನ ದಡಕ್ಕೆ ಓಡುವಾಗ, ಚಕ್ರವಿಲ್ಲದ ಹಡಗನ್ನು ನನಗೆ ಊಹಿಸಲೂ ಆಗುವುದಿಲ್ಲ. ಹಲಗೆಗಳಿಗೆ ಐಸ್‌ಕ್ರೀಮ್ ಕಡ್ಡಿ, ಅಚ್ಚಿಗೆ ಬಿದಿರು ಕಡ್ಡಿ. ಕೈಯಲ್ಲಿ ತಿರುಗಿಸಿದರೆ ಸಲೀಸಾಗಿ ಸುತ್ತುವ ಹಾಗೆ ತೂತನ್ನು ಕೊಂಚ ದೊಡ್ಡದು ಮಾಡಿದ್ದೇನೆ. ಮಾಲಿ ಏಬಲ್ ಅನ್ನು ಚಿಕ್ಕದಾಗಿ ಬೇರೆಯೇ ಮಾಡಿ ಪಕ್ಕದಲ್ಲಿ ಇಡುತ್ತೇನೆ.

ದಡವೂ ಬೇಕು. ಇದೇ ಕಾದಂಬರಿಯ ಮೇಲೆ ಮೊದಲೇ ಬಂದಿದ್ದ 1936ರ ಚಿತ್ರದಲ್ಲಿ ಗಾಯಕ-ನಟ ಪಾಲ್ ರಾಬ್ಸನ್ 'ಓಲ್ ಮ್ಯಾನ್ ರಿವರ್' ಹಾಡುವಾಗ ಹತ್ತಿ ಮೂಟೆ ಹೊರುವ ದೃಶ್ಯಗಳು ಬರುತ್ತವೆ. ಆ ದುಡಿಮೆ ಕಾಣದಿದ್ದರೆ ಇದು ಸುಮ್ನೆ ಚೆಂದದ ಬಿಳಿ ಹಡಗು ಅಷ್ಟೇ. ಮುಂದಿನ ಕೆಲಸ ಮೂಟೆಗಳದ್ದು. ಥರ್ಮಾಕೋಲ್ ತುಂಡಿಗೆ ಬ್ಯಾಂಡೇಜ್ ಬಟ್ಟೆ ಸುತ್ತಿ, ದಾರ ಬಿಗಿದು, ಚಹಾದ ನೀರಲ್ಲಿ ಬಣ್ಣ ಹಿಡಿಸಿ ನೋಡಬೇಕೆಂದಿದ್ದೇನೆ.