ಅಪ್ಪನ ಮಳೆ ಪುಸ್ತಕ, ಸರ್ಕಾರದ ಲೆಕ್ಕ

ಇಲ್ಲಿ ನೆದರ್‌ಲ್ಯಾಂಡ್ಸ್ ದೇಶದ ರಾಟರ್‌ಡ್ಯಾಮ್‌ನಲ್ಲಿ ನಾನು ಬೆಳಗಿನ ಕಾಫಿ ಕುಡಿಯುವ ಹೊತ್ತಿಗೆ ಊರಿಂದ ಅಪ್ಪನ ಫೋನ್ ಬರುತ್ತದೆ. ಮಳೆಗಾಲ ಪೂರ್ತಿ ಅವರ ಮೊದಲ ಮಾತು ಒಂದೇ ಥರ. "ನಿನ್ನೆ ಮೂರು ಇಂಚು ನಲವತ್ತು ಸೆಂಟು." ಸೆಂಟು ಎಂದರೆ ಇಂಚಿನ ನೂರನೇ ಒಂದು ಪಾಲು. ಮೊಮ್ಮಗಳ ವಿಚಾರ, ಮಂಡಿನೋವು, ಕೆಲಸಕ್ಕೆ ಜನ ಸಿಗದಿರುವುದು ಎಲ್ಲ ಆಮೇಲೆ.

ಕೊಡಗಿನ ತೋಟದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಗಳದ ಮೂಲೆಯಲ್ಲಿ ಮಳೆ ಅಳೆಯುವ ಡಬ್ಬ, ಜಗಲಿಯ ಮೊಳೆಯಲ್ಲಿ ನೇತಾಡುವ ಪುಸ್ತಕ. ನಮ್ಮ ಮನೆಯಲ್ಲಿ ಅಜ್ಜ 1964ರಲ್ಲಿ ಬರೆಯಲು ಶುರು ಮಾಡಿದರು. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಬಿದ್ದ ದಿನದ ಕೆಳಗೆ ಕೆಂಪು ಶಾಯಿಯ ಗೆರೆ ಎಳೆಯುತ್ತಿದ್ದರು. ಅಜ್ಜ ತೀರಿಕೊಂಡ ದಿನವೂ ಅಪ್ಪ ಅಳತೆ ಬರೆದಿದ್ದಾರೆ. 1 ಇಂಚು 15 ಸೆಂಟು.

ಆ ಪುಸ್ತಕದ ಬೆಲೆ ನನಗೆ ತಿಳಿದದ್ದು ಈ ದೇಶಕ್ಕೆ ಬಂದ ಮೇಲೆ.

ಮನೆ ಬಾಡಿಗೆಗೆ ಹುಡುಕುತ್ತಿದ್ದಾಗ ಜೊತೆ ಕೆಲಸ ಮಾಡುವವರೊಬ್ಬರು ಸರ್ಕಾರದ ಒಂದು ನಕ್ಷೆ ತೋರಿಸಿದರು. ವಿಳಾಸ ಟೈಪ್ ಮಾಡಿದರೆ ಆ ಜಾಗ ಎಷ್ಟು ಎತ್ತರದಲ್ಲಿದೆ ಎಂದು ಹೇಳುತ್ತದೆ. ನಾವೀಗ ಇರುವ ಮನೆ ಸಮುದ್ರ ಮಟ್ಟಕ್ಕಿಂತ ಸುಮಾರು 5 ಮೀಟರ್ ಕೆಳಗಿದೆ. ಮಡಿಕೇರಿಯಲ್ಲಿ ಸಾವಿರ ಮೀಟರ್ ಮೇಲೆ ಬೆಳೆದವನಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ವಿಮಾನದಿಂದ ಲೇಸರ್ ಕಿರಣ ಬಿಟ್ಟು ಇಡೀ ದೇಶದ ನೆಲವನ್ನು ಅಳೆದಿದ್ದಾರೆ. ಇತ್ತೀಚಿನ ಅಳತೆಯಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ಹತ್ತಕ್ಕಿಂತ ಜಾಸ್ತಿ ಬಿಂದುಗಳಿವೆ. ಯಾರು ಬೇಕಾದರೂ ದುಡ್ಡು ಕೊಡದೆ ನೋಡಬಹುದು.

ಇದರ ಹಿಂದೆ ದೊಡ್ಡ ಸಂಕಟ ಇದೆ. 1953ರ ಫೆಬ್ರವರಿ 1ರ ನಸುಕಿನಲ್ಲಿ ಸಮುದ್ರ ಒಡ್ಡು ಒಡೆದು ನುಗ್ಗಿತು. ಇಲ್ಲಿ 1,836 ಜನ ಸತ್ತರು. ನೀರಿನ ಉಸ್ತುವಾರಿಗೆಂದೇ ಇವರಿಗೆ ಬೇರೆ ಮಂಡಳಿಗಳಿವೆ. ಕೆಲವು ಏಳೆಂಟು ನೂರು ವರ್ಷ ಹಳೆಯವು. ಅವಕ್ಕೂ ಚುನಾವಣೆ ನಡೆಯುತ್ತದೆ, ನಾವು ಬೇರೆ ತೆರಿಗೆ ಕಟ್ಟುತ್ತೇವೆ. ಒಂದು ಪ್ರದೇಶದ ಕಾಲುವೆಯಲ್ಲಿ ನೀರು ಎಷ್ಟಿರಬೇಕು ಎಂದು ಗೊತ್ತುಮಾಡುವ ಮೊದಲು ಕರಡನ್ನು ಜನರ ಮುಂದಿಡುತ್ತಾರೆ. ಹಸು ಸಾಕುವವನೊಬ್ಬ ಬಂದು "ಇಷ್ಟು ನೀರು ನಿಲ್ಲಿಸಿದರೆ ನನ್ನ ಹುಲ್ಲುಗಾವಲು ಜೌಗಾಗುತ್ತದೆ" ಎಂದು ಆಕ್ಷೇಪ ಹಾಕಬಹುದು.

ಹಾಗಂತ ಇಲ್ಲಿ ಎಲ್ಲ ಸರಿಯಿದೆ ಎಂದುಕೊಳ್ಳಬೇಡಿ. ಇದೇ ದೇಶದಲ್ಲಿ ಮಕ್ಕಳ ಪಾಲನಾ ಕೇಂದ್ರದ ಖರ್ಚಿಗೆ ಸರ್ಕಾರ ಸಹಾಯಧನ ಕೊಡುತ್ತದೆ. ಯಾರು ಮೋಸ ಮಾಡುತ್ತಿರಬಹುದು ಎಂದು ಪತ್ತೆ ಹಚ್ಚಲು ತೆರಿಗೆ ಇಲಾಖೆ ಒಂದು ಕಂಪ್ಯೂಟರ್ ಲೆಕ್ಕಾಚಾರ ಬಳಸಿತು. ಪ್ರತಿ ಅರ್ಜಿಗೂ ಅದು ಇಷ್ಟು ಅಪಾಯ ಎಂದು ಅಂಕ ಹಾಕುತ್ತಿತ್ತು. ಅರ್ಜಿದಾರ ಡಚ್ ಪ್ರಜೆಯೋ ಅಲ್ಲವೋ ಎನ್ನುವುದೂ ಆ ಲೆಕ್ಕದಲ್ಲಿ ಸೇರಿತ್ತು. ಒಂದು ಸಹಿ ಬಿಟ್ಟುಹೋದದ್ದಕ್ಕೆ, ಒಂದು ಕಾಗದ ಇಲ್ಲದ್ದಕ್ಕೆ ವರ್ಷಗಳ ಹಣವನ್ನು ಪೂರ್ತಿ ವಾಪಸ್ ಕಟ್ಟಿ ಎಂದರು. ಸಾವಿರಾರು ಸಂಸಾರಗಳು ಸಾಲದಲ್ಲಿ ಮುಳುಗಿದವು, ಮನೆ ಕಳೆದುಕೊಂಡವರಿದ್ದಾರೆ. ನನ್ನ ಮೇಲೆ ಯಾಕೆ ಅನುಮಾನ ಎಂದು ಕೇಳಿದವರಿಗೆ ಉತ್ತರ ಸಿಗಲಿಲ್ಲ. ಕೊನೆಗೆ 2021ರ ಜನವರಿಯಲ್ಲಿ ಇಡೀ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಅದಕ್ಕೆ ಒಂದು ವರ್ಷ ಮೊದಲು, ಹೀಗೆಯೇ ಜನರ ಮಾಹಿತಿ ಜೋಡಿಸಿ ಅನುಮಾನಿತರನ್ನು ಹುಡುಕುತ್ತಿದ್ದ ಇನ್ನೊಂದು ವ್ಯವಸ್ಥೆಯನ್ನು ಹೇಗ್ ನಗರದ ನ್ಯಾಯಾಲಯ ನಿಲ್ಲಿಸಿತ್ತು.

ನಮ್ಮದೇ ಒಂದು ಚಿಕ್ಕ ಅನುಭವ ಇದೆ. ನಮ್ಮಲ್ಲಿ ಮನೆಹೆಸರು ಮೊದಲು, ಕರೆಯುವ ಹೆಸರು ಆಮೇಲೆ, ಅಲ್ವಾ? ಇಲ್ಲಿನ ಒಂದು ಕಚೇರಿಯಲ್ಲಿ ಅದು ಉಲ್ಟಾ ದಾಖಲಾಯಿತು. ಅಲ್ಲಿ ಒಮ್ಮೆ ಬರೆದದ್ದು ತೆರಿಗೆ, ವೈದ್ಯರು, ಶಾಲೆ ಎಲ್ಲ ಕಡೆಗೂ ಹರಿಯುತ್ತದೆ. ಅಪ್ಪ ಮಗಳಿಗೆ ಬೇರೆ ಬೇರೆ ಮನೆತನ ಬಂದಂತಾಗಿ, ಶಾಲೆಯಿಂದ "ಈ ಮಗುವಿಗೆ ನೀವು ಏನಾಗಬೇಕು?" ಎಂದು ಪತ್ರ ಬಂತು. ಆದರೆ ನನ್ನ ಬಗ್ಗೆ ಏನು ಬರೆದುಕೊಂಡಿದ್ದಾರೆ ಎನ್ನುವುದನ್ನು ನಾನೇ ಕಂಪ್ಯೂಟರಿನಲ್ಲಿ ತೆರೆದು ನೋಡಬಹುದಿತ್ತು. ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದೆ. ನಾಲ್ಕು ತಿಂಗಳು ಹಿಡಿಯಿತು, ಸರಿಯಾಯಿತು. ಸರ್ಕಾರ ಎಷ್ಟು ಬೇಕಾದರೂ ಲೆಕ್ಕ ಇಟ್ಟುಕೊಳ್ಳಲಿ. ಆ ಲೆಕ್ಕ ನನಗೆ ಕಾಣಬೇಕು, ತಪ್ಪು ಎಂದರೆ ಕೇಳಿಸಿಕೊಳ್ಳುವ ಒಬ್ಬ ಮನುಷ್ಯ ಇರಬೇಕು. ನನಗೆ ಬೇಕಾದದ್ದು ಇಷ್ಟೇ.

ಊರಲ್ಲೂ ಈಗ ಲೆಕ್ಕ ಕಡಿಮೆ ಇಲ್ಲ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿ ಅಳೆಯುವ ಮಳೆಮಾಪಕಗಳಿವೆ. 15 ನಿಮಿಷಕ್ಕೊಮ್ಮೆ ಅಂಕೆ ಬೆಂಗಳೂರಿನ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಹೋಗುತ್ತದೆ. ಬೇರೆ ರಾಜ್ಯದವರು ಹೊಗಳುವಂಥ ವ್ಯವಸ್ಥೆ ಇದು, ನನಗೂ ಹೆಮ್ಮೆ ಇದೆ. ಕಾಳುಮೆಣಸಿನ ಹವಾಮಾನ ವಿಮೆ ಇಂಥ ಮಾಪಕದ ಅಂಕೆಯ ಮೇಲೆಯೇ ನಿಂತಿದೆ. ಮಳೆ ಗೊತ್ತುಮಾಡಿದ ಮಿತಿ ದಾಟಿದರೆ ಹಣ, ಇಲ್ಲದಿದ್ದರೆ ಇಲ್ಲ. ಬಳ್ಳಿ ಕೊಳೆತಿದೆಯಾ ಎಂದು ತೋಟಕ್ಕೆ ಬಂದು ನೋಡುವವರಿಲ್ಲ.

ಆದರೆ ನಮ್ಮ ಜಿಲ್ಲೆಯ ಮಳೆ ನಿಮಗೇ ಗೊತ್ತು. ಕುಶಾಲನಗರದಲ್ಲಿ ವರ್ಷಕ್ಕೆ ನಲವತ್ತು ಇಂಚಿನ ಆಸುಪಾಸು, ಭಾಗಮಂಡಲದಲ್ಲಿ ಇನ್ನೂರರ ಆಸುಪಾಸು. ಒಂದೇ ಪಂಚಾಯಿತಿಯಲ್ಲಿ ಬೆಟ್ಟದ ಈ ಮಗ್ಗುಲಿಗೆ ಸುರಿದದ್ದು ಆ ಮಗ್ಗುಲಿಗೆ ಸುರಿಯುವುದಿಲ್ಲ. ಮಾಪಕ ಇರುವುದು ಆ ಮಗ್ಗುಲಲ್ಲಿ, ನಮ್ಮ ತೋಟ ಈ ಮಗ್ಗುಲಲ್ಲಿ. ಒಂದು ವರ್ಷ ಬಳ್ಳಿ ಅರ್ಧಕ್ಕರ್ಧ ಹೋಯಿತು, ಹಣ ಬರಲಿಲ್ಲ. ಅಪ್ಪ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಕಚೇರಿಗೆ ಹೋದರು. ಅಲ್ಲಿದ್ದ ಹುಡುಗ ಮರ್ಯಾದೆಯಿಂದಲೇ ಮಾತಾಡಿದನಂತೆ. "ಸರ್, ಇದನ್ನು ಎಂಟ್ರಿ ಮಾಡೋಕೆ ಕಾಲಮ್ಮೇ ಇಲ್ಲ."

ಆ ಮಾತು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಕೊಡಗಿನಲ್ಲಿ ಭೂಕುಸಿತವಾದ 2018ರ ಆಗಸ್ಟ್ ನೆನೆಸಿಕೊಳ್ಳಿ. ಜೋರು ಮಳೆಯ ಕಕ್ಕಡ ತಿಂಗಳು ಮುಗಿಯುವ ಹೊತ್ತು. ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು. ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಕುಸಿಯುವುದನ್ನು ಎಲ್ಲರೂ ಕಂಡಿದ್ದೆವು, ಬೆಟ್ಟವೇ ಇಳಿದು ಬರುವುದನ್ನು ಕಂಡಿರಲಿಲ್ಲ. ಆಗಸ್ಟ್ 16ರ ಸಾಲಿನಲ್ಲಿ ಅಪ್ಪನ ಪುಸ್ತಕದಲ್ಲಿ ಅಂಕೆ ಇಲ್ಲ. "ಡಬ್ಬ ತುಂಬಿ ಹರಿದಿದೆ" ಎಂದಷ್ಟೇ ಇದೆ. ಆಮೇಲೆ ಭೂವಿಜ್ಞಾನದವರು ಬಂದು, ವಿಪರೀತ ಮಳೆಯ ಜೊತೆಗೆ ರಸ್ತೆಗೆ, ಮನೆಗೆ ಎಂದು ಇಳಿಜಾರು ಕಡಿದದ್ದೂ ಕಾರಣ ಎಂದರು. ಎಲ್ಲಿ ಕುಸಿಯಬಹುದು ಎನ್ನುವ ನಕ್ಷೆಯೂ ಇದೆ. ದೇಶಕ್ಕೆಲ್ಲ ಮಾಡಿದ ಆ ನಕ್ಷೆಯ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ನಮ್ಮ ಮನೆ, ಕೆಲಸದವರ ಲೈನ್‌ಮನೆ, ಕಣ, ಕೆರೆ ಎಲ್ಲ ಅದರಲ್ಲಿ ಒಂದು ಚುಕ್ಕಿ. ಯಾವ ಬರೆಯ ಕೆಳಗೆ ಮಕ್ಕಳನ್ನು ಮಲಗಿಸಬಾರದು ಎನ್ನುವುದನ್ನು ಆ ಚುಕ್ಕಿ ಹೇಳುವುದಿಲ್ಲ. ಅದನ್ನು ಹೇಳಬೇಕಾದರೆ ಮೇಲಿನ ಗದ್ದೆಯಲ್ಲಿ ಹೊಸ ಒರತೆ ಎದ್ದದ್ದನ್ನು ಕಂಡವರ ಮಾತು ಬೇಕು, ಅರವತ್ತು ವರ್ಷದ ಮಳೆ ಪುಸ್ತಕ ಬೇಕು.

ಇಂಥ ಪುಸ್ತಕ ಜಿಲ್ಲೆಯ ಎಷ್ಟೋ ಮನೆಗಳಲ್ಲಿವೆ. ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಗೆದ್ದಲಿಗೆ ಬಿಡಬೇಡಿ. ಗ್ರಾಮಸಭೆಯಲ್ಲಿ ನಿಮ್ಮ ಪಂಚಾಯಿತಿಯ ಮಾಪಕದ ಅಂಕೆ ಕೇಳಿ, ಪುಸ್ತಕದ ಪಕ್ಕ ಇಟ್ಟು ನೋಡಿ, ವ್ಯತ್ಯಾಸ ಇದ್ದರೆ ಬರೆದುಕೊಡಿ.

ನಮ್ಮ ಮನೆಯಲ್ಲಿ ಕೆಲಸ ಶುರುವಾಗಿದೆ. ಅಪ್ಪ ದಿನಕ್ಕೆ ನಾಲ್ಕು ಪುಟದ ಫೋಟೊ ತೆಗೆದು ಕಳಿಸುತ್ತಾರೆ, ಇಲ್ಲಿ ಮಗಳು ಕೂತು ಟೈಪ್ ಮಾಡುತ್ತಾಳೆ. ನಿನ್ನೆ 1974ರ ಮಾರ್ಚ್ ಬಂತು. ಒಂದು ಸಾಲಿನ ಕೆಳಗೆ ಕೆಂಪು ಗೆರೆ ಇತ್ತು. "ಅಜ್ಜ, ಇದಕ್ಕೆ ಬೇರೆ ಕಾಲಮ್ ಮಾಡ್ಲಾ?" ಎಂದು ಫೋನಿನಲ್ಲಿ ಕೇಳಿದಳು.

"ಮಾಡು ಮಗಳೇ," ಅಂದರು ಅಪ್ಪ. "ಹೂಮಳೆ ಅಂತ ಬರಿ."