ಸ್ಯಾಟಲೈಟ್ ಇದ್ದರೂ ಮುಳುಗಿದ ಹಡಗು ಯಾಕೆ ಸಿಗಲ್ಲ?

ಹಳೇ ಹಡಗುಗಳ ಕಥೆ ಅಂದರೆ ನನಗೆ ಪ್ರಾಣ. ಇದು ಗೊತ್ತಿರುವವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಮನೆ ಮುಂದೆ ನಿಲ್ಲಿಸಿದ ಕಾರು ಕೂಡ ಆಕಾಶದಿಂದ ಕಾಣುತ್ತೆ. ಅಷ್ಟು ದೊಡ್ಡ ಹಡಗು ಹುಡುಕೋಕೆ ನೂರಾರು ವರ್ಷ ಯಾಕೆ ಬೇಕು?"

ಸ್ಯಾಟಲೈಟ್ ನೋಡುವುದು ಬೆಳಕು, ರೇಡಿಯೋ ಅಲೆಗಳಿಂದ. ಇವೆಲ್ಲ ನೀರಿನೊಳಗೆ ಜಾಸ್ತಿ ದೂರ ಹೋಗುವುದಿಲ್ಲ. ಶಬ್ದ ಹೋಗುತ್ತದೆ. ಅದಕ್ಕೇ ಶಬ್ದ ಕಳಿಸಿ, ಅದರ ಪ್ರತಿಧ್ವನಿಯಿಂದ ತಳದಲ್ಲಿ ಏನಿದೆ ಅಂತ ತಿಳಿಯುವ ಸೋನಾರ್ ಬಳಸುತ್ತಾರೆ. ಬೋಟಿನ ಹಿಂದೆ ಕೇಬಲ್‌ಗೆ ಕಟ್ಟಿದ ಯಂತ್ರವನ್ನು ನೀರಲ್ಲಿ ಎಳೆಯುತ್ತಾ, ಗದ್ದೆ ಉಳುವ ಹಾಗೆ ಸಾಲು ಸಾಲಾಗಿ ಹೋಗಬೇಕು, ಬರಬೇಕು. ಆದರೆ ಯಾವ ಗದ್ದೆ ಉಳಬೇಕು ಅಂತ ಸೋನಾರ್ ಹೇಳುವುದಿಲ್ಲ. ಅದನ್ನು ಹೇಳಲು ಜನ ಬೇಕು.

ಇದಕ್ಕೊಂದು ಉದಾಹರಣೆ ಹೇಳುತ್ತೇನೆ. 1845ರ ಮೇ ತಿಂಗಳಲ್ಲಿ ಬ್ರಿಟಿಷ್ ನೌಕಾಪಡೆಯ ಅಧಿಕಾರಿ ಜಾನ್ ಫ್ರಾಂಕ್ಲಿನ್ ಇಂಗ್ಲೆಂಡಿನಿಂದ ಎರೆಬಸ್, ಟೆರರ್ ಎಂಬ ಎರಡು ಹಡಗು ತೆಗೆದುಕೊಂಡು ಕೆನಡಾದ ಉತ್ತರದ ಹಿಮಸಮುದ್ರಕ್ಕೆ ಹೋದರು. ಆ ಹಿಮಸಮುದ್ರದೊಳಗೆ ಹೋದದ್ದು 129 ಜನ. ಒಬ್ಬರೂ ವಾಪಸ್ ಬರಲಿಲ್ಲ. ಆಮೇಲೆ ಸಿಕ್ಕ ಒಂದು ಚೀಟಿಯ ಪ್ರಕಾರ, 1848ರ ಏಪ್ರಿಲ್‌ನಲ್ಲಿ ಹಡಗುಗಳನ್ನು ಕಿಂಗ್ ವಿಲಿಯಂ ದ್ವೀಪದ ವಾಯವ್ಯಕ್ಕೆ ಹಿಮದಲ್ಲೇ ಬಿಟ್ಟಿದ್ದರು. ಹಾಗಾಗಿ ಅಲ್ಲೇ ಮುಳುಗಿರಬೇಕು ಅಂತ ಬಹಳ ಜನ ನಂಬಿದರು.

ಆದರೆ ಅಲ್ಲಿನ ಮೂಲನಿವಾಸಿಗಳಾದ ಇನ್ಯೂಟ್ ಜನ ಬೇರೆಯೇ ಹೇಳುತ್ತಿದ್ದರು. ಒಂದು ಹಡಗು ತುಂಬಾ ದಕ್ಷಿಣಕ್ಕೆ ಬಂದಿತ್ತು. ಪುಹ್ತೂರಾಕ್ ಎಂಬ ಹಿರಿಯರು ಅದನ್ನು ಕಣ್ಣಾರೆ ಕಂಡಿದ್ದನ್ನು, ಅದರೊಳಗೆ ಒಬ್ಬರ ಹೆಣ ಇದ್ದಿದ್ದನ್ನು 1879ರಲ್ಲೇ ಹೇಳಿದ್ದಾರೆ. ಹಿಮ ಕರಗಿ ಹಡಗು ಮುಳುಗಿದ ಮೇಲೂ ಕೂವೆಕಂಬ ನೀರಿನ ಮೇಲೆ ಕಾಣುತ್ತಿತ್ತಂತೆ. ಇಷ್ಟು ಸ್ಪಷ್ಟವಾದ ಮಾತನ್ನು ಎಷ್ಟೋ ಜನ ಕಟ್ಟುಕಥೆ ಅಂದುಕೊಂಡರು. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಇದಕ್ಕೇ.

2008ರಿಂದ ಕೆನಡಾದ ರಾಷ್ಟ್ರೀಯ ಉದ್ಯಾನ, ಐತಿಹಾಸಿಕ ತಾಣಗಳನ್ನು ನೋಡಿಕೊಳ್ಳುವ ಪಾರ್ಕ್ಸ್ ಕೆನಡಾ ಸಂಸ್ಥೆ ಹುಡುಕಾಟದ ಮುಂದಾಳತ್ವ ವಹಿಸಿತು. ನೌಕಾಪಡೆ, ಕೋಸ್ಟ್ ಗಾರ್ಡ್, ಸಮುದ್ರದ ನಕ್ಷೆ ಮಾಡುವವರು, ಈ ಸಮುದ್ರವಿರುವ ಉತ್ತರದ ಪ್ರಾಂತ್ಯ ನುನಾವುಟ್‌ನ ಸರ್ಕಾರದ ಪುರಾತತ್ವದವರು ಎಲ್ಲರೂ ಜೊತೆಯಾದರು. 2014ರಲ್ಲಿ ಉತ್ತರದಲ್ಲಿ ಹಿಮ ಬಿಡಲೇ ಇಲ್ಲ. ಸರಿ ಅಂತ ಇನ್ಯೂಟ್ ಜನ ಹೇಳಿದ್ದ ದಕ್ಷಿಣದ ಕಡೆಗೇ ಜಾಸ್ತಿ ಗಮನ ಕೊಟ್ಟರು.

ಸೆಪ್ಟೆಂಬರ್ 1ರಂದು ನಕ್ಷೆಯವರಿಗೆ ಒಂದು ಪುಟ್ಟ ದ್ವೀಪದಲ್ಲಿ ಜಿಪಿಎಸ್ ಯಂತ್ರ ಇಡಬೇಕಿತ್ತು. ಹೆಲಿಕಾಪ್ಟರ್ ಹೊರಟಿತ್ತು. ಅದರಲ್ಲೇ ಇಬ್ಬರು ಪುರಾತತ್ವಜ್ಞರೂ ಹತ್ತಿಕೊಂಡರು. ಅವರವರು ಅವರವರ ಕೆಲಸದಲ್ಲಿರುವಾಗ, ಪೈಲಟ್ ಆಂಡ್ರೂ ಸ್ಟರ್ಲಿಂಗ್ ಕಣ್ಣಿಗೆ ದಡದಲ್ಲಿ ತುಕ್ಕು ಹಿಡಿದ ಒಂದು ಕಬ್ಬಿಣದ ತುಂಡು ಬಿತ್ತು. ಮೇಲೆ ಬಾಣದ ಗುರುತು. ಅದು ಬ್ರಿಟಿಷ್ ನೌಕಾಪಡೆಯ ಮುದ್ರೆ! ಹಡಗಿನಿಂದ ದೋಣಿ ಇಳಿಸುವ ಸಾಧನದ ಭಾಗ ಅದು. ಅಷ್ಟು ಭಾರದ ವಸ್ತು ತೇಲಿಕೊಂಡಂತೂ ಬರುವುದಿಲ್ಲ, ಅಲ್ವಾ? ಮರುದಿನವೇ ಹತ್ತಿರದಲ್ಲಿ ಸೋನಾರ್ ಎಳೆದರು. ಪರದೆಯ ಮೇಲೆ ಎರೆಬಸ್ ಮೂಡಿತು. ಬರೀ 11 ಮೀಟರ್ ಆಳ, ಒಂದು ತೆಂಗಿನ ಮರವೂ ಮುಳುಗದಷ್ಟು.

ಆ ಹೆಲಿಕಾಪ್ಟರಿನ ಎರಡು ಸೀಟು ನನಗೆ ತುಂಬಾ ದೊಡ್ಡವು. "ಇದು ನಮ್ಮ ಕೆಲಸಕ್ಕೆ ಹೊರಟಿದ್ದು, ನಿಮಗೆ ಜಾಗ ಇಲ್ಲ" ಅಂತ ಆ ಪುರಾತತ್ವಜ್ಞರಿಗೆ ನಕ್ಷೆಯವರು ಅಂದಿದ್ದರೆ ಆ ತುಂಡು ಇನ್ನೂ ಅಲ್ಲೇ ಬಿದ್ದಿರುತ್ತಿತ್ತೇನೋ.

ಟೆರರ್ ಸಿಕ್ಕಿದ್ದು 2016ರಲ್ಲಿ. ಕಿಂಗ್ ವಿಲಿಯಂ ದ್ವೀಪದ ಜೋ ಹೇವನ್ ಊರಿನ ಸ್ಯಾಮಿ ಕೋಗ್ವಿಕ್ ಅದಕ್ಕೂ ಕೆಲವು ವರ್ಷ ಮೊದಲು ಮೀನು ಹಿಡಿಯಲು ಹೋಗಿದ್ದಾಗ, ಹಿಮದಿಂದ ಎದ್ದು ನಿಂತ ಮರದ ಕಂಬವೊಂದನ್ನು ನೋಡಿದ್ದರು. ಅದನ್ನು ತಬ್ಬಿಕೊಂಡು ಫೋಟೋ ಕೂಡ ತೆಗೆಸಿಕೊಂಡಿದ್ದರು. ವಾಪಸ್ ಬರುವಾಗ ಕ್ಯಾಮೆರಾ ಕಳೆದುಹೋಯಿತು. ಇದು ಅಪಶಕುನ ಅಂತ ಯಾರಿಗೂ ಹೇಳದೆ ಸುಮ್ನಾದರು. ಮುಂದೆ, ಹುಡುಕಾಟದಲ್ಲಿದ್ದ ಆರ್ಕ್ಟಿಕ್ ರಿಸರ್ಚ್ ಫೌಂಡೇಶನ್ ಎಂಬ ಸಂಸ್ಥೆಯ ಹಡಗಿನಲ್ಲಿ ಜೊತೆಗಿದ್ದವರಿಗೆ ಈ ಮಾತು ಹೇಳಿದರು. ಫೋಟೋ ಎಲ್ಲಿ ಅಂತ ಅವರು ಹಟ ಹಿಡಿಯಲಿಲ್ಲ, ಹಡಗನ್ನೇ ಅತ್ತ ತಿರುಗಿಸಿದರು. ಮೊದಲಿನಿಂದಲೂ ಟೆರರ್ ಕೊಲ್ಲಿ ಅಂತಲೇ ಹೆಸರಿದ್ದ ಜಾಗದಲ್ಲಿ, ಸುಮಾರು 24 ಮೀಟರ್ ಆಳದಲ್ಲಿ, ಟೆರರ್ ನೆಟ್ಟಗೆ ಕೂತಿತ್ತು.

ಈಗ ಬೇಸಿಗೆ ಬಂದರೆ ಆ ಜಾಗಗಳನ್ನು ಕಾಯುವವರು ಜೋ ಹೇವನ್‌ನ ಇನ್ಯೂಟ್ ಕಾವಲುಗಾರರೇ.