ಕೆರಿಬಿಯನ್ ಕಡಲೂರಿನಲ್ಲಿ ನಾಲ್ಕು ದಿನ ಊಟಕ್ಕೆ ಏನು ಮಾಡಿದಿರಿ?

2024ರ ಫೆಬ್ರವರಿಯಲ್ಲಿ, ಮಕ್ಕಳ ಶಾಲೆಗೆ ಪ್ರೆಸಿಡೆಂಟ್ಸ್ ಡೇ ರಜೆ ಬಂದಾಗ, ನಾವು ಐದು ಮಂದಿ ನ್ಯೂಜೆರ್ಸಿಯಿಂದ ಜಮೈಕಾದ ನೆಗ್ರಿಲ್ ಎಂಬ ಕಡಲೂರಿಗೆ ನಾಲ್ಕು ದಿನದ ಮಟ್ಟಿಗೆ ಹೋಗಿ ಬಂದೆವು. ನಾನು, ನನ್ನವರು, ಇಬ್ಬರು ಮಕ್ಕಳು, ಆ ಚಳಿಗಾಲವನ್ನು ನಮ್ಮ ಜೊತೆ ಕಳೆಯಲು ಪುತ್ತೂರಿನಿಂದ ಬಂದಿದ್ದ ಅಮ್ಮ. ಅಂದಿನಿಂದ ಕನ್ನಡ ಕೂಟದ ಯುಗಾದಿಯಲ್ಲಾಗಲಿ, ಯಾರದಾದರೂ ಮನೆಯ ಸತ್ಯನಾರಾಯಣ ಪೂಜೆಯಲ್ಲಾಗಲಿ ನನಗೆ ಎದುರಾಗುವ ಪ್ರಶ್ನೆ ಒಂದೇ: “ನೀವು ಮೊಟ್ಟೆಯನ್ನೂ ಮುಟ್ಟದವರು, ಅಂಥ ಊರಿನಲ್ಲಿ ಊಟಕ್ಕೆ ಏನು ಮಾಡಿದಿರಿ?” ಕೇಳುವವರು ಹೆಚ್ಚಾಗಿ ಹೊರಡುವ ಸಿದ್ಧತೆಯಲ್ಲಿರುತ್ತಾರೆ, ಪುಳಿಯೋಗರೆ ಪುಡಿಯ ಜೊತೆ ಪುಟ್ಟ ಕುಕ್ಕರ್ ಕೂಡ ಪೆಟ್ಟಿಗೆಗೆ ಹಾಕಬೇಕೇ ಎಂಬ ಯೋಚನೆಯಲ್ಲಿರುತ್ತಾರೆ. ಆದ್ದರಿಂದ ಉತ್ತರವನ್ನು ಒಮ್ಮೆ ವಿವರವಾಗಿಯೇ ಬರೆದಿಡುತ್ತಿದ್ದೇನೆ.

ಮೊದಲ ದಿನ ಅರೆಹೊಟ್ಟೆಯಲ್ಲಿದ್ದೆವು. ಉಳಿದ ಮೂರು ದಿನ ನಮ್ಮ ಹಿತ್ತಲಿನ ತರಕಾರಿಗಳನ್ನೇ ಬೇರೆ ಹೆಸರಿನಲ್ಲಿ, ಬೇರೆ ಅಡುಗೆಯಾಗಿ, ತೃಪ್ತಿಯಿಂದ ಉಂಡೆವು.

ಅರೆಹೊಟ್ಟೆಯಾದದ್ದು ನಾವು ಇಳಿದುಕೊಂಡಿದ್ದ ಹೋಟೆಲಿನಲ್ಲಿ. ಊಟ, ತಿಂಡಿ ಎಲ್ಲವೂ ಸೇರಿದ ಬಾಡಿಗೆ ಎಂದು ನಂಬಿ ಹೋಗಿದ್ದೆವು. ಸಸ್ಯಾಹಾರ ಎಂದು ಚೀಟಿ ಅಂಟಿಸಿದ್ದ ಕುಂಬಳಕಾಯಿ ಸೂಪನ್ನು ಮಗಳು ಎರಡು ಚಮಚ ಕುಡಿದ ಮೇಲೆ, ಅದಕ್ಕೆ ಹಾಕಿದ ಸಾರ ಕೋಳಿಯದೆಂದು ಬಡಿಸುವವನೇ ಬಂದು ಹೇಳಿದ. ಅಮ್ಮ ಆ ರಾತ್ರಿ ಬಾಳೆಹಣ್ಣು ತಿಂದು ಮಲಗಿದರು. ಆದರೆ ಅವರು ಆ ಮಧ್ಯಾಹ್ನವೇ ನಮಗೆಲ್ಲ ದಾರಿ ತೋರಿಸಿದ್ದರು ಎಂಬುದು ನನಗೆ ಮರುದಿನ ಹೊಳೆಯಿತು. ವಿಮಾನ ಇಳಿದ ಮಾಂಟೆಗೊ ಬೇ ಪಟ್ಟಣದಿಂದ ನೆಗ್ರಿಲ್‌ಗೆ ಸುಮಾರು 80 ಕಿಲೋಮೀಟರ್. ಕಡಲಂಚಿನ ಆ ದಾರಿಯಲ್ಲಿ ಕಾರು ನಮ್ಮ ಊರಿನಂತೆ ರಸ್ತೆಯ ಎಡಬದಿಯಲ್ಲೇ ಹೋಗುತ್ತಿತ್ತು, ಅಮ್ಮ ಕಿಟಕಿಯಿಂದ ಕಣ್ಣು ತೆಗೆಯದೆ ಕುಳಿತಿದ್ದರು. “ಅಗೋ ಜೀಗುಜ್ಜೆ ಮರ. ಅಲ್ಲಿ ಇನ್ನೊಂದು. ಎಷ್ಟು ಕಾಯಿ ಬಿಟ್ಟಿದೆ ನೋಡು!” ಎಂದು ಅವರು ಮೂರು ನಾಲ್ಕು ಸಲ (ಜೀಗುಜ್ಜೆ ಎಂದರೆ ಹಲಸಿನ ಬಳಗದ ಕಾಯಿ, ಇಂಗ್ಲಿಷಿನಲ್ಲಿ ಬ್ರೆಡ್‌ಫ್ರೂಟ್) ಹೇಳಿದಾಗಲೂ ನಾನು ಹೂಂಗುಟ್ಟಿದ್ದೆನೇ ಹೊರತು ಅದನ್ನು ಊಟದ ಮಾತೆಂದು ತಿಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಹೋಟೆಲನ್ನು ಬಿಟ್ಟು ರಸ್ತೆಗೆ ನಡೆದೆವು. ಏಳು ಮೈಲಿ ಎಂಬ ಹೆಸರಿದ್ದರೂ ಅಳತೆಯಲ್ಲಿ ಅಷ್ಟಿಲ್ಲದ ಆ ಬಿಳಿ ಮರಳಿನ ದಂಡೆಯ ಹಿಂದೆ ಒಂದೇ ಒಂದು ರಸ್ತೆ, ಅದರ ಆಚೆ ವಿಶಾಲವಾದ ಜೌಗು. 1950ರ ದಶಕದ ಕೊನೆಯಲ್ಲಿ ಒಳ್ಳೆಯ ರಸ್ತೆ ಬರುವ ತನಕ ಇದು ಮೀನುಗಾರರ ಸಣ್ಣ ಹಳ್ಳಿಯಾಗಿತ್ತು. ಆ ರಸ್ತೆಯ ಬದಿಯಲ್ಲಿ ತಗಡಿನ ಮಾಡಿನ ಕುಕ್‌ಶಾಪ್‌ಗಳಿವೆ, ನಮ್ಮಲ್ಲಿ ಊಟದ ಗೂಡಂಗಡಿ ಎನ್ನುತ್ತೇವಲ್ಲ, ಹಾಗೆ. ಅಂಥ ಒಂದರ ಮುಂದೆ ಐವತ್ತು ದಾಟಿದ ಹೆಂಗಸೊಬ್ಬರು ಕೆಂಡದ ಮೇಲೆ ಇಡೀ ಜೀಗುಜ್ಜೆಗಳನ್ನು ಸುಡುತ್ತಿದ್ದರು.

ಸುಡುವ ಬಗೆಯನ್ನು ಅಮ್ಮ ಮುಕ್ಕಾಲು ಗಂಟೆ ನಿಂತು ನೋಡಿದರು. ತೊಟ್ಟಿನ ಕಡೆ ಚಾಕುವಿನಿಂದ ಅಡ್ಡಗೀಟು ಹಾಕಿದ ಕಾಯಿಯನ್ನು ನೇರವಾಗಿ ಕೆಂಡದ ಮೇಲಿಟ್ಟು, ಆಗಾಗ ಮಗ್ಗುಲು ಬದಲಿಸುತ್ತ, ಸಿಪ್ಪೆಯೆಲ್ಲ ಇದ್ದಿಲಿನಂತೆ ಕಪ್ಪಾಗಿ ತೊಟ್ಟಿನಿಂದ ಹಬೆ ಸುಯ್ಯೆಂದು ಹೊರಬರುವ ತನಕ ಬಿಡುತ್ತಾರೆ. ಆಮೇಲೆ ಬಟ್ಟೆಯಲ್ಲಿ ಹಿಡಿದು, ಕರಿಯ ಸಿಪ್ಪೆಯನ್ನು ಹೆರೆದು, ನಡುವಿನ ದಿಂಡನ್ನು ತೆಗೆದರೆ ಒಳಗೆ ತಿಳಿ ಹಳದಿಯ, ಹೊಗೆಯ ಘಮವಿರುವ, ಬೆಂದ ಗೆಣಸಿಗೂ ಬಿಸಿ ಬ್ರೆಡ್ಡಿಗೂ ನಡುವಿನ ಮೆದುವಾದ ತಿರುಳು. ಆಕೆ ಅಮ್ಮನನ್ನು “ಮದರ್” ಎಂದು ಕರೆದು ಮೊದಲ ಹೋಳನ್ನು ಅವರ ಕೈಗೇ ಕೊಟ್ಟರು. “ನಾವು ಇದನ್ನು ಹುಳಿಗೆ ಹಾಕ್ತೇವೆ, ಪೋಡಿ ಕಾಯಿಸ್ತೇವೆ, ಸುಡುವುದು ಮಾತ್ರ ಗೊತ್ತೇ ಇರಲಿಲ್ಲ ನೋಡು” ಎಂದು ಅಮ್ಮ ಕನ್ನಡದಲ್ಲೇ ಆಕೆಗೆ ಹೇಳಿದರು. ನಾನು ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲಿ ಇಬ್ಬರೂ ಮಾತಿನ ಅಗತ್ಯವನ್ನು ದಾಟಿದ್ದರು.

ಈ ಕಾಯಿ ಅಲ್ಲಿಗೆ ಬಂದ ಕಥೆ ನೋವಿನದು. ಕಬ್ಬಿನ ತೋಟಗಳ ಗುಲಾಮರಿಗೆ ಅಗ್ಗದ ಆಹಾರ ಬೇಕೆಂದು ಬ್ರಿಟಿಷರು ಪೆಸಿಫಿಕ್ ಸಾಗರದ ತಹಿತಿಯಿಂದ ಇದರ ಸಸಿಗಳನ್ನು ತರಿಸಿದರು. ಕ್ಯಾಪ್ಟನ್ ವಿಲಿಯಂ ಬ್ಲೈ ಅವರ ಮೊದಲ ಯಾತ್ರೆ 1789ರಲ್ಲಿ ‘ಬೌಂಟಿ’ ಹಡಗಿನ ನಾವಿಕರ ದಂಗೆಯಿಂದ ಮುರಿದುಬಿತ್ತು, ಎರಡನೆಯ ಸಲ ‘ಪ್ರಾವಿಡೆನ್ಸ್’ ಹಡಗಿನಲ್ಲಿ 1793ಕ್ಕೆ ಸಸಿಗಳು ಜಮೈಕಾ ಮುಟ್ಟಿದವು. ನಮ್ಮಲ್ಲಿ ಕೆಲವೆಡೆ ಇದಕ್ಕೆ ದೀವಿಹಲಸು ಎಂಬ ಹೆಸರೂ ಇದೆ. ದೀವಿ ಎಂದರೆ ದ್ವೀಪ. ಹೀಗೆ ಎರಡೂ ಕಡೆ ಕಡಲು ದಾಟಿ ಬಂದ ಮರವೊಂದು ನಮ್ಮ ಅಮ್ಮನಿಗೂ ಆ ತಾಯಿಗೂ ಸ್ವಂತ ಹಿತ್ತಲಿನದಾಗಿರುವುದು ನನ್ನ ಮನಸ್ಸನ್ನು ತುಂಬ ತಟ್ಟಿತು.

ಜೀಗುಜ್ಜೆಯ ಜೊತೆ ತಟ್ಟೆಗೆ ಬಂದ ಸೊಪ್ಪಿಗೆ ಅಲ್ಲಿ ಕಲಲೂ ಎಂದು ಹೆಸರು. ಅದು ನಮ್ಮ ಹರಿವೆಯ ಬಳಗದ್ದೇ. ಈರುಳ್ಳಿ, ಟೊಮೆಟೊ, ಥೈಮ್ ಎಂಬ ಪರಿಮಳದ ಸೊಪ್ಪು ಹಾಕಿ ಬಾಡಿಸಿದ ಪಲ್ಯ. (ಟ್ರಿನಿಡಾಡ್‌ನಲ್ಲಿ ಇದೇ ಹೆಸರಿನ ಅಡುಗೆಯನ್ನು ಕೆಸುವಿನ ಎಲೆಯಿಂದ, ಅಂದರೆ ನಮ್ಮ ಪತ್ರೊಡೆಯ ಎಲೆಯಿಂದ ಮಾಡುತ್ತಾರೆ.) ಗಂಗೋ ಪೀಸ್ ಎಂದರೆ ತೊಗರಿಯೇ. ಅದನ್ನಾಗಲಿ ಕೆಂಪು ರಾಜ್ಮಾವನ್ನಾಗಲಿ ತೆಂಗಿನ ಹಾಲಿನಲ್ಲಿ ಅಕ್ಕಿಯೊಡನೆ ಬೇಯಿಸಿದ ಅನ್ನ ಅಲ್ಲಿನ ಭಾನುವಾರದ ಊಟ. ಮರಗೆಣಸನ್ನು ತುರಿದು ಹಿಂಡಿ ತಟ್ಟಿದ ಬ್ಯಾಮಿ ಎಂಬ ದಪ್ಪ ರೊಟ್ಟಿಯನ್ನು ತೆಂಗಿನ ಹಾಲಿನಲ್ಲಿ ನೆನೆಸಿ ಕಾಯಿಸುತ್ತಾರೆ, ನನ್ನ ಮಗ ನಾಲ್ಕು ದಿನದಲ್ಲಿ ಎಷ್ಟು ತಿಂದನೋ ಲೆಕ್ಕವಿಲ್ಲ.

ಎಲ್ಲಕ್ಕಿಂತ ನಿಶ್ಚಿಂತೆಯಿಂದ ಉಂಡದ್ದು ರಾಸ್ತಫಾರಿಗಳ ಅಂಗಡಿಯಲ್ಲಿ. 1930ರ ದಶಕದಲ್ಲಿ ಜಮೈಕಾದಲ್ಲಿ ಹುಟ್ಟಿದ ಈ ಪಂಥದ ನಿಷ್ಠಾವಂತರಲ್ಲಿ ಅನೇಕರು ಮಾಂಸ ತಿನ್ನುವುದಿಲ್ಲ, ಅಡುಗೆಗೆ ಉಪ್ಪನ್ನೂ ಹಾಕುವುದಿಲ್ಲ, ತಮ್ಮ ಅಡುಗೆಯನ್ನು ಐಟಲ್ ಎನ್ನುತ್ತಾರೆ. ಪಂಥದ ಮೊದಲಿಗರಲ್ಲೊಬ್ಬರಾದ ಲೆನರ್ಡ್ ಹೋವೆಲ್ ತಮಗೆ ಇಟ್ಟುಕೊಂಡ ಹೆಸರು ಗಂಗುಂಗುರು ಮರಾಘ್. ಅದರಲ್ಲಿ ಗುರು, ಮಹಾರಾಜ ಎಂಬ ಪದಗಳು ನಮ್ಮ ಕಿವಿಗೆ ತಾನಾಗಿ ಕೇಳಿಸುತ್ತವೆ. 1845ರಿಂದ ಮೊದಲ್ಗೊಂಡು ಸುಮಾರು 36,000 ಭಾರತೀಯರು ಕರಾರು ಕೂಲಿಗಳಾಗಿ ಜಮೈಕಾಕ್ಕೆ ಹೋದರು. ಅವರಲ್ಲಿ ಬಹುಪಾಲು ಉತ್ತರ ಭಾರತದವರು, ಹಲವರು ನೆಗ್ರಿಲ್ ಇರುವ ವೆಸ್ಟ್‌ಮೋರ್‌ಲ್ಯಾಂಡ್ ಪ್ರಾಂತದ ಕಬ್ಬಿನ ಗದ್ದೆಗಳಲ್ಲಿಯೇ ನೆಲೆಸಿದರು. ಇಂದು ಅಲ್ಲಿ ಕರಿ ಮತ್ತು ರೊಟ್ಟಿ ಯಾರಿಗೂ ಪರದೇಶದ ತಿನಿಸುಗಳಲ್ಲ.

ಐಟಲ್ ಪಲ್ಯದಲ್ಲಿ ಕುಂಬಳ, ಕೆಸುವಿನ ಗೆಡ್ಡೆ, ಕಾಳು, ತೆಂಗಿನ ಹಾಲು. ಅದರ ಮೇಲೆ ಸ್ಕಾಚ್ ಬಾನೆಟ್ ಎಂಬ ಗುಂಡು ಮೆಣಸಿನಕಾಯಿಯೊಂದು ಇಡಿಯಾಗಿ ತೇಲುತ್ತಿತ್ತು. ಅದು ಒಡೆಯದಂತೆ ಹುಷಾರಾಗಿ ತೆಗೆದಿಟ್ಟರೆ ಪರಿಮಳ ಮಾತ್ರ ಉಳಿಯುತ್ತದೆ, ಒಡೆದರೆ ಮಕ್ಕಳು ಬಾಯಿಗಿಡಲಾರರು. ಉಪ್ಪಿಲ್ಲದ ಅಡುಗೆ ಅಮ್ಮನಿಗೆ ರುಚಿಸೀತೇ ಎಂದು ನಾನು ಹೆದರಿದ್ದೆ. ಏಕಾದಶಿಗೆ ಅಭ್ಯಾಸವಿದೆ ಎಂದು ಅವರು ಎರಡನೆಯ ಸಲ ಬಡಿಸಿಕೊಂಡರು.

ಹೋಗುವವರು ನಾಲ್ಕು ವಿಷಯಗಳನ್ನು ಕೇಳಿಯೇ ತಿನ್ನಬೇಕು. ಕಾಳಿನ ಅನ್ನಕ್ಕೆ ಕೆಲವರು ಉಪ್ಪು ಹಾಕಿದ ಹಂದಿ ಮಾಂಸವನ್ನು ಸೇರಿಸುತ್ತಾರೆ. ಕಲಲೂಗೆ ಒಣಮೀನು ಬೆರೆಸುವುದುಂಟು. ತರಕಾರಿ ತುಂಬಿದ ಪ್ಯಾಟಿ ಎಂಬ ಕಡುಬಿನಂಥ ತಿಂಡಿಯ ಕಣಕಕ್ಕೆ ದನದ ಕೊಬ್ಬು ಹಾಕುವ ಪದ್ಧತಿ ಹಳೆಯದು. ಅಕೀ ಎಂಬ ಹಣ್ಣು ಜಮೈಕಾದ ರಾಷ್ಟ್ರೀಯ ಹಣ್ಣು, ಬೇಯಿಸಿದರೆ ಬೆಣ್ಣೆಯಂತಿರುತ್ತದೆ, ಆದರೆ ಮರದಲ್ಲಿ ತಾನಾಗಿ ಬಿರಿಯದ ಕಾಯಿಯಲ್ಲಿ ಪ್ರಾಣಾಂತಿಕ ವಿಷವಿರುತ್ತದೆ. ಅದನ್ನು ತಿಳಿದವರ ಕೈಯಡುಗೆಯಲ್ಲಿ ಮಾತ್ರ ತಿನ್ನಿ, ಮರದಿಂದ ಕಿತ್ತು ಸಾಹಸ ಮಾಡಬೇಡಿ. “ಐಟಲ್ ಇದೆಯೇ?” ಎಂದು ಕೇಳಿದರೆ ಅರ್ಧ ಕೆಲಸ ಮುಗಿದಂತೆ.

ಸಮುದ್ರದ ವಿಷಯ ಹೇಳುವುದು ಹೆಚ್ಚಿಲ್ಲ. ನೀರು ಶಾಂತವಾಗಿತ್ತು, ಮಕ್ಕಳು ಹೊರಗೆ ಬರಲಿಲ್ಲ.

2025ರ ಅಕ್ಟೋಬರ್ 28ರಂದು ಮೆಲಿಸ್ಸಾ ಚಂಡಮಾರುತ ಅದೇ ವೆಸ್ಟ್‌ಮೋರ್‌ಲ್ಯಾಂಡ್ ಪ್ರಾಂತದಲ್ಲಿ ನೆಲ ಮುಟ್ಟಿದ ಸುದ್ದಿ ಬಂದಾಗ ಅಮ್ಮ ಪುತ್ತೂರಿನಿಂದ ಫೋನು ಮಾಡಿ ಮೊದಲು ಕೇಳಿದ್ದು ಆ ಹೆಂಗಸಿನ ಬಗ್ಗೆ. ನನ್ನಲ್ಲಿ ಆಕೆಯ ನಂಬರು ಇರಲಿಲ್ಲ, ತೆಗೆದುಕೊಳ್ಳದೆ ಬಂದದ್ದಕ್ಕೆ ಈಗಲೂ ಕಸಿವಿಸಿಯಾಗುತ್ತದೆ. ಈಗ ಹೋಗುವವರಿದ್ದರೆ ಹೋಟೆಲಿನೊಳಗೇ ಉಣ್ಣದೆ ರಸ್ತೆ ಬದಿಯ ಅಂಗಡಿಗಳಲ್ಲಿ ಉಣ್ಣಿ ಎಂದು ನಾನು ಒತ್ತಿ ಹೇಳುವುದಕ್ಕೆ, ಆ ಚಂಡಮಾರುತದ ನಂತರ ಅಂಥವರಿಗೆ ನಾಲ್ಕು ಕಾಸು ಸಿಗಲಿ ಎಂಬುದೂ ಒಂದು ಕಾರಣ.

ಊರಿಗೆ ಮರಳಿದ ವರ್ಷವೇ ಅಮ್ಮ ಅಂಗಳದಲ್ಲಿ ಗೆರಟೆಯ ಕೆಂಡ ಮಾಡಿ ಜೀಗುಜ್ಜೆ ಸುಟ್ಟರು. ಮೊದಲನೆಯದು ಒಳಗೆ ಗಟ್ಟಿಯಾಗಿಯೇ ಉಳಿಯಿತು, ಪಲ್ಯಕ್ಕೆ ಕೊಯ್ಯುವ ಎಳೆಯ ಕಾಯಿ ಸುಡುವುದಕ್ಕೆ ಆಗದು. ಸಿಪ್ಪೆಯ ಮೇಲೆ ಹಾಲು ಒಸರಿ ಒಣಗಿದ ಚುಕ್ಕೆಗಳು ಕಾಣಬೇಕು, ಕಾಯಿ ಪೂರ್ತಿ ಬಲಿತಿರಬೇಕು ಎಂದು ಆಕೆ ಬೆರಳಿಟ್ಟು ತೋರಿಸಿದ್ದು ಅಮ್ಮನಿಗೆ ಆಗ ನೆನಪಾಯಿತು. ಮುಂದಿನ ವಾರ ಅಂಥದ್ದನ್ನು ಹುಡುಕಿ ಸುಟ್ಟು, ಕೊಬ್ಬರಿ ಎಣ್ಣೆ, ಉಪ್ಪು ಸವರಿ, ಆಚೆಮನೆಗೂ ಎರಡು ಹೋಳು ಕಳಿಸಿದರು.